ಎದುರಿಗೆ ನಿಂತು ಕೇಳ್ರಿ

ಸಿಂಧನೂರಿನಲ್ಲಿ ಮಸ್ಕಿ ದಾರಿಗೆ ಮುಖ ಮಾಡಿ ನಿಂತಿದ್ದ ನಮ್ಮ ಮನೆಗೆ ಯಾರೂ ಸುಮ್ಮನೆ ಬರುತ್ತಿರಲಿಲ್ಲ. ಒಂದು ಪ್ರಶ್ನೆ ಹಿಡಿದುಕೊಂಡೇ ಬರುತ್ತಿದ್ದರು. ಬೆಳಿಗ್ಗೆ ಎಷ್ಟು ಎಬ್ಬಿಸಿದರೂ ಯಾಕೆ ಏಳುವುದಿಲ್ಲ? ಮಧ್ಯಾಹ್ನವಾದರೆ ಸಾಕು, ಯಾಕೆ ಹೀಗೆ ಕುದಿಯುತ್ತದೆ? ಎಷ್ಟು ಹಾಕಿದರೂ ಯಾಕೆ ಸಾಲುವುದಿಲ್ಲ? ಸ್ವಲ್ಪ ಏರು ಬಂದರೆ ಯಾಕೆ ಗೊಣಗುತ್ತದೆ? ಊರ ಗಂಡಸರೆಲ್ಲ ತಮ್ಮ ಹೆಂಡಿರ ಮೇಲೆ ದೂರು ಹೇಳಲು ಅಪ್ಪನ ಹತ್ತಿರ ಬರುತ್ತಾರೆ ಎಂದು ನಾನು ಬಹಳ ದಿನ ನಂಬಿದ್ದೆ. ಅವು ಮೋಟಾರಿನ ಪ್ರಶ್ನೆಗಳೆಂದೂ ನನ್ನಪ್ಪ ಮೋಟಾರು ರಿಪೇರಿಯ ಮಿಸ್ತ್ರಿ ಎಂದೂ ತಿಳಿಯುವಷ್ಟು ಬುದ್ಧಿ ಬಂದ ಮೇಲೂ ಗೊಂದಲವೇನೂ ಕಡಿಮೆಯಾಗಲಿಲ್ಲ. ನನ್ನ ಬಾಲ್ಯವನ್ನು ಒಂದೇ ಮಾತಿನಲ್ಲಿ ಹೇಳು ಎಂದರೆ, ಬಂದವರಿಗೆಲ್ಲ ಉತ್ತರ ಸಿಗುತ್ತಿತ್ತು, ನನಗೆ ಮಾತ್ರ ಸಿಗುತ್ತಿರಲಿಲ್ಲ ಎಂದು ಹೇಳುತ್ತೇನೆ.

ಆಗ ಕಾಲುವೆಗೆ ನೀರು ಬಂದು ಏಳೆಂಟು ವರ್ಷವಾಗಿತ್ತು. ಜೋಳ ಬೆಳೆಯುತ್ತಿದ್ದ ಎರೆ ಹೊಲಗಳಲ್ಲಿ ಭತ್ತ ನಿಂತಿತ್ತು. ಭತ್ತ ಮಾರಿದವರ ಮನೆಗಳಿಗೆ ಒಂದೊಂದಾಗಿ ಟ್ರ್ಯಾಕ್ಟರು, ಜೀಪು, ಎಲ್ಲೋ ಒಂದೊಂದು ಹಳೆಯ ಕಾರು ಬಂದು ಸೇರಿಕೊಂಡವು. ನಿನ್ನೆ ಮೊನ್ನೆಯವರೆಗೆ ಎತ್ತು ಹೊಡೆದವರು ಇವತ್ತು ಸ್ಟೇರಿಂಗ್ ಹಿಡಿದಿದ್ದರು. ಎತ್ತಿಗೆ ಮಾಡಿದ್ದನ್ನೆಲ್ಲ ಕಾರಿಗೂ ಮಾಡದೆ ಅವರಿಗೆ ಸಮಾಧಾನವಿರಲಿಲ್ಲ. ಕಾರ ಹುಣ್ಣಿಮೆಯ ದಿನ ಕೊಂಬಿಗೆ ಬಳಿದು ಉಳಿದ ಬಣ್ಣವನ್ನು ಜೀಪಿನ ಮುಂದೀಪಗಳಿಗೆ ಬಳಿದು, ರಸ್ತೆ ಕಾಣುತ್ತಿಲ್ಲ ಎಂದು ಬಂದವನೊಬ್ಬ. ಬಂಡಿಯ ಅಚ್ಚಿಗೆ ಹಾಕುವ ಕೀಲೆಣ್ಣೆಯನ್ನು ಎಂಜಿನ್ನಿಗೆ ಸುರಿದುಕೊಂಡು ಬಂದವನೊಬ್ಬ. ಜವಳಗೇರಾದ ರೈತನೊಬ್ಬ ಕಾಲುವೆಗೆ ಹೊಸ ನೀರು ಬಿಟ್ಟ ದಿನ ಗಂಗಮ್ಮನ ಪೂಜೆ ಮಾಡಿ, ಆ ಕೆಂಪು ನೀರನ್ನೇ ಕೊಡದಲ್ಲಿ ತುಂಬಿ ರೇಡಿಯೇಟರಿಗೆ ಹೊಯ್ದಿದ್ದ. ಹೊಲಕ್ಕೆ ಬಂಗಾರ ಕೊಟ್ಟ ನೀರು ಮೋಟಾರಿಗೆ ಯಾಕೆ ಆಗಿಬರುವುದಿಲ್ಲ ಎಂಬುದು ಅವನ ಪ್ರಶ್ನೆ. ರೇಡಿಯೇಟರಿನ ಒಳಗೆ ಒಂದು ಪುಟ್ಟ ಗದ್ದೆಯೇ ಆಗಿತ್ತು. ಅಪ್ಪ ಅದನ್ನು ಬಿಚ್ಚಿ, ಕೆಸರು ತೆಗೆದು ಹೇಳಿದ್ದು ಇಷ್ಟೇ:

"ಕುಡಿಯೋ ನೀರು ಹೆಂಗ ಸೋಸ್ತೀರೋ, ಹಂಗ ಸೋಸಿ ಹಾಕ್ರಿ. ಅದಕ್ಕೂ ಹೊಟ್ಟಿ ಐತಿ."

ನಮ್ಮದು ಮಣ್ಣಿನ ಮಾಳಿಗೆಯ ಮನೆ. ಮುಂದೆ ಬೇವಿನ ಗಿಡ, ಗಿಡದ ಕೆಳಗೆ ಗಾಡಿಯ ಅಡಿಗೆ ಇಳಿಯಲು ತೋಡಿದ ಆಳೆತ್ತರದ ಗುಂಡಿ, ಅದರ ಮೇಲೆ ಹಲಗೆಗಳು. ಪಡಸಾಲೆ ದಾಟಿದರೆ ಅಡುಗೆಮನೆ. ಅದರ ಬಾಗಿಲ ಪಕ್ಕದ ಗೋಡೆಯಲ್ಲಿ ದೇವರ ಗೂಡು, ಗೂಡಿನಲ್ಲಿ ಹುಲಿಗೆಮ್ಮ. ಅಡುಗೆಮನೆಯ ಇನ್ನೊಂದು ಗೋಡೆಯಲ್ಲಿ ಅಂಗಳಕ್ಕೆ ತೆರೆದ ಅಂಗೈ ಅಗಲದ ಕಿಂಡಿ. ಕಿಂಡಿಯ ಕೆಳಗೆ ಅವ್ವನ ಬೀಸುಕಲ್ಲು. ಪುಂಡಿಪಲ್ಯಕ್ಕೂ ರೊಟ್ಟಿಗೂ ಸ್ವಲ್ಪ ಸೀಮೆಎಣ್ಣೆಯ ವಾಸನೆ ಇದ್ದೇ ಇರುತ್ತಿತ್ತು. ಅಪ್ಪ ಸೀಮೆಎಣ್ಣೆಯಲ್ಲಿ ಕೈ ತೊಳೆದು, ಒಲೆಬೂದಿಯಲ್ಲಿ ತಿಕ್ಕಿ, ಮತ್ತೆ ನೀರಿನಲ್ಲಿ ತೊಳೆದು ಊಟಕ್ಕೆ ಕೂಡುತ್ತಿದ್ದ. ಆದರೂ ಅವ್ವ ತಾಟು ಇಡುವಾಗ ಮೂಗು ಮುರಿಯುತ್ತಿದ್ದಳು. ಅದು ದಿನದ ಜಗಳ. ಅಪ್ಪ ತಿರುಗಿ ಒಂದು ಮಾತೂ ಆಡದೆ ಗೆಲ್ಲುತ್ತಿದ್ದ.

ಕಥೆಗಾರರ ಹಾಗೆ ಕೊನೆಯತನಕ ಮುಚ್ಚಿಟ್ಟು ಆಟ ಆಡಿಸುವ ಚಟ ನನಗಿಲ್ಲ. ಈಗಲೇ ಹೇಳಿಬಿಡುತ್ತೇನೆ. ಅಪ್ಪನಿಗೆ ಕಿವಿ ಕೇಳುತ್ತಿರಲಿಲ್ಲ. ಕಾಲುವೆ ತೋಡುವಾಗ ಮಣ್ಣು ದೂಡುವ ದೊಡ್ಡ ಯಂತ್ರಗಳನ್ನು ಓಡಿಸಿ, ಬಂಡೆಗೆ ಮದ್ದಿಟ್ಟು ಹಾರಿಸುವ ಕಡೆಯೇ ವರ್ಷಗಟ್ಟಲೆ ಇದ್ದು, ಅವನ ಎರಡೂ ಕಿವಿ ಹೋಗಿದ್ದವು. ಎದುರಿಗೆ ನಿಂತವರ ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಿದ್ದ. ಇದು ಗೊತ್ತಿದ್ದದ್ದು ಅವ್ವನೊಬ್ಬಳಿಗೆ. ಸಪ್ಪಳ ಕೇಳಿ ರೋಗ ಹೇಳಬೇಕಾದ ಮಿಸ್ತ್ರಿಯೇ ಕಿವುಡ ಎಂದು ಒಬ್ಬರಿಗೆ ತಿಳಿದರೂ ನಮ್ಮ ಅಂಗಳಕ್ಕೆ ಮತ್ತೆ ಗಾಡಿ ಬರುತ್ತಿರಲಿಲ್ಲ. ಗಾಡಿ ಬರದಿದ್ದರೆ ಒಲೆ ಹೊತ್ತುತ್ತಿರಲಿಲ್ಲ. ಹುಡುಗಿಯ ಬಾಯಿ, ಎಲ್ಲಿ ಯಾರ ಮುಂದೆ ಆಡಿಬಿಡುತ್ತಾಳೋ ಎಂದು ನನಗೂ ಹೇಳಿರಲಿಲ್ಲ. ಇದೆಲ್ಲ ನನಗೆ ತಿಳಿದದ್ದು ಒಂಬತ್ತು ತುಂಬಿದ ಮೇಲೆ. ಅಲ್ಲಿಯವರೆಗಿನ ನನ್ನ ಪಾಡನ್ನು ನೀವೇ ಯೋಚಿಸಿ.

ನಾನು "ಅಪ್ಪಾ" ಎಂದು ಕರೆದರೆ ಒಮ್ಮೆ "ಏನವ್ವಾ" ಎನ್ನುತ್ತಿದ್ದ. ಇನ್ನೊಮ್ಮೆ ಬೇವಿನ ಬೊಡ್ಡೆಯಂತೆ ಸುಮ್ಮನಿರುತ್ತಿದ್ದ. ಅದೇ ಅಪ್ಪ, ಅದೇ ನಾನು, ಅದೇ ಅಂಗಳ. ಬಾನೆಟ್ಟಿನೊಳಗೆ ಬಗ್ಗಿ ನಿಂತವನ ಬೆನ್ನ ಹಿಂದೆ ನಿಂತು ಗಂಟಲು ಹರಿಯುವಂತೆ ಕೂಗಿದರೂ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆಯೇ. ಇದಕ್ಕೊಂದು ನಿಯಮ ಇರಲೇಬೇಕು ಎಂದು ಹುಡುಕತೊಡಗಿದೆ. ಕೆಂಪು ರಿಬ್ಬನ್ ಕಟ್ಟಿದ ದಿನ ಓಗೊಡುತ್ತಾನೆ ಅನ್ನಿಸಿತು. ವಾರವಿಡೀ ಕೆಂಪು ರಿಬ್ಬನ್ ಕಟ್ಟಿದೆ. ಮೂರು ದಿನ ಸರಿಹೋಯಿತು, ನಾಲ್ಕನೆಯ ದಿನ ಕೆಟ್ಟಿತು. ಸೋಮವಾರ ಒಳ್ಳೆಯವನು, ಮಂಗಳವಾರ ಕೆಟ್ಟವನು ಅಂದುಕೊಂಡೆ. ಅದೂ ನಿಲ್ಲಲಿಲ್ಲ. ಊಟಕ್ಕೆ ಮೊದಲು, ಊಟದ ಮೇಲೆ, ಬಿಸಿಲಿದ್ದಾಗ, ಮೋಡವಿದ್ದಾಗ ಎಂದು ಏನೆಲ್ಲ ಲೆಕ್ಕ ಹಾಕಿದೆ. ಕೊನೆಗೆ ಉಳಿದದ್ದು ಒಂದೇ ಉತ್ತರ. ಅಪ್ಪನಿಗೆ ನಾನು ಬೇಕಾಗಿಲ್ಲ, ಗಂಡಾಗಿ ಹುಟ್ಟಿದ್ದರೆ ಬೇಕಾಗುತ್ತಿದ್ದೆ. ಆ ಉತ್ತರವನ್ನು ನಾನು ಯಾರಿಗೂ ಹೇಳಲಿಲ್ಲ. ಗುಂಡಿಯೊಳಗೆ ಇಳಿದು ಕೂತು ಅತ್ತೆ, ಅಷ್ಟೇ.

ಬರುವವರ ಜೊತೆಗೂ ಅವನದು ಹೀಗೆಯೇ. ಪಕ್ಕದಲ್ಲಿ ನಿಂತು, ಬೀಡಿ ಕಚ್ಚಿಕೊಂಡು, ಎತ್ತಲೋ ನೋಡುತ್ತ ಕೇಳಿದವರಿಗೆ ಉತ್ತರವಿಲ್ಲ. ಏರಿಳಿತವಿಲ್ಲದ ದೊಡ್ಡ ದನಿಯಲ್ಲಿ ಒಂದೇ ಮಾತು:

"ಎದುರಿಗೆ ನಿಂತು ಕೇಳ್ರಿ."

ಮಿಸ್ತ್ರಿಗೆ ಸೊಕ್ಕು ಎಂದು ಊರು ಆಡಿಕೊಳ್ಳುತ್ತಿತ್ತು. ಆದರೂ ಬರುತ್ತಿದ್ದರು, ಯಾಕೆಂದರೆ ಅವನು ಹೇಳಿದ್ದು ತಪ್ಪುತ್ತಿರಲಿಲ್ಲ. ಗಾಡಿಯನ್ನು ಓಡಿಸಿ ತೋರಿಸಿರಿ ಎನ್ನುತ್ತಿದ್ದ. ಅವರು ಅಂಗಳದಲ್ಲಿ ಹಿಂದಕ್ಕೂ ಮುಂದಕ್ಕೂ ಓಡಿಸುತ್ತಿದ್ದರು. ಆಮೇಲೆ ಅಪ್ಪ ಕೈ ಒರೆಸಿಕೊಂಡು ಒಳಗೆ ಹೋಗುತ್ತಿದ್ದ. ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು. ಹೊರಗೆ ಬಂದವನೇ, ಇಂಥದ್ದು ಸಡಿಲಾಗಿದೆ, ಇಂಥದ್ದು ಸವೆದಿದೆ ಎಂದು ಹೇಳಿ ನಟ್ಟು ಬಿಚ್ಚುವ ಪಾನಾ ಕೈಗೆ ತೆಗೆದುಕೊಳ್ಳುತ್ತಿದ್ದ. ಅಂಗಳದಲ್ಲಿ ನಿಂತವರಿಗೆ ಪಡಸಾಲೆಯ ಆಚೆ ಕಾಣುತ್ತಿದ್ದದ್ದು ದೇವರ ಗೂಡು ಮತ್ತು ಅದರ ಮುಂದೆ ನಿಂತ ಅಪ್ಪನ ಬೆನ್ನು. ಜನ ತಮಗೆ ತಿಳಿದಂತೆ ತಿಳಿದುಕೊಂಡರು. ಮಿಸ್ತ್ರಿ ಮನೆಯ ಹುಲಿಗೆಮ್ಮ ಗಾಡಿಯ ರೋಗ ಹೇಳುತ್ತಾಳೆ! ಯಾರು ಮೊದಲು ಹೇಳಿದರೋ, ಲಿಂಗಸುಗೂರಿನ ಲಾರಿಯವರ ತನಕ ಸುದ್ದಿ ಹಬ್ಬಿತು. ತೆಂಗಿನಕಾಯಿ, ನಿಂಬೆಹಣ್ಣು ಬರತೊಡಗಿದವು. ಹಟ್ಟಿಯ ಚಿನ್ನದ ಗಣಿಯಿಂದ ಮೋಟಾರ್ ಸೈಕಲ್ಲಿನಲ್ಲಿ ಬಂದ ಗುಮಾಸ್ತನೊಬ್ಬ, ಕ್ಲಚ್ಚು ಯಾಕೆ ಜಾರುತ್ತದೆ ಎಂದು ಕೇಳಿದ ಮೇಲೆ, ಮಗಳಿಗೆ ಗಂಡು ಯಾವಾಗ ಗೊತ್ತಾಗುತ್ತದೆ ಎಂಬುದನ್ನೂ ಒಂದು ಮಾತು ಕೇಳಿಬಿಡಿ ಎಂದು ಕೈಮುಗಿದಿದ್ದ. ಅಪ್ಪ ಇಲ್ಲ ಎನ್ನಲಿಲ್ಲ, ಹೌದು ಎನ್ನಲೂ ಇಲ್ಲ. ಅವ್ವ ತೆಂಗಿನಕಾಯಿಗಳನ್ನು ಚಟ್ನಿ ಮಾಡಿದಳು.

ನಾನೂ ನಂಬಿದೆ. ನಂಬದೆ ಏನು ಮಾಡಲಿ? ಒಳಗಿದ್ದ ನಾನು ಹೊರಗಿನವರಿಗಿಂತ ಹೆಚ್ಚು ನೋಡಿದ್ದೆನಲ್ಲ. ಅಪ್ಪ ನೀರಿಗೆ ಬಂದಾಗ ಅವ್ವ ಬೀಸುವುದು ಬಿಟ್ಟು ಎದ್ದು, ಗೂಡಿನ ಪಕ್ಕ ಬಾಗಿಲ ಮರೆಯಲ್ಲಿ ಅವನ ಎದುರಿಗೆ ನಿಲ್ಲುತ್ತಿದ್ದಳು. ಅವಳ ತುಟಿ ಅಲ್ಲಾಡುತ್ತಿತ್ತು, ದನಿ ಇರುತ್ತಿರಲಿಲ್ಲ. ಕೈಗಳು ಗಾಳಿಯಲ್ಲಿ ಏನನ್ನೋ ತಿರುವುತ್ತಿದ್ದವು. ಅಪ್ಪ ಕಣ್ಣು ಕೀಲಿಸಿ ನೋಡಿ, ತಲೆಯಾಡಿಸಿ ಹೊರಡುತ್ತಿದ್ದ. ಅದು ಮಂತ್ರವಲ್ಲದೆ ಮತ್ತೇನು? ನಿಜ ಸಂಗತಿ ನನಗೆ ತಿಳಿದದ್ದು ಆಮೇಲೆ. ಏಳು ವರ್ಷದವಳಿದ್ದಾಗಿನಿಂದ ಬೀಸುಕಲ್ಲಿನ ಮುಂದೆ ಕೂತವಳು ನಮ್ಮವ್ವ. ಗೂಟ ಸಡಿಲಾದರೆ, ಕಲ್ಲು ಒಂದು ಕಡೆ ಸವೆದರೆ, ಕಾಳು ಕಡಿಮೆಯಾದರೆ ಸಪ್ಪಳ ಹೇಗೆ ಬದಲಾಗುತ್ತದೆ ಎಂಬುದು ಅವಳ ಮೈಗೆ ಗೊತ್ತಿತ್ತು. ಕಿಂಡಿಯಿಂದ ಮೋಟಾರಿನ ಸಪ್ಪಳ ಕೇಳಿ, ಅದು ಯಾವ ಕಲ್ಲಿನಂತಿದೆ, ಯಾವ ಗಡಿಗೆಯ ಮುಚ್ಚಳದಂತಿದೆ ಎಂದು ತುಟಿಯಲ್ಲೇ ಹೇಳುತ್ತಿದ್ದಳು. ಅದರಿಂದ ರೋಗ ಯಾವುದೆಂದು ಅಪ್ಪ ಲೆಕ್ಕ ಹಾಕುತ್ತಿದ್ದ. ಪರಗಂಡಸರ ಮುಂದೆ ಅಂಗಳಕ್ಕೆ ಒಂದು ಹೆಜ್ಜೆ ಇಡದ ಹೆಂಗಸು ಮೂರು ಊರಿನ ಗಾಡಿಗಳಿಗೆ ವೈದ್ಯ ಮಾಡಿದಳು. ಹಿತ್ತಲ ಗಿಡ ಮದ್ದಲ್ಲ ಎಂಬ ಹಾಗೆ, ಕಾಯಿ ಒಡೆಸಿಕೊಂಡವಳು ಮಾತ್ರ ಹುಲಿಗೆಮ್ಮ.

ಮೋಟಾರಿನವರಿಗೆಲ್ಲ ಉತ್ತರ ಕೊಡುವ ದೇವಿ ನನಗೂ ಕೊಟ್ಟಾಳು ಎಂದು ನಾನೂ ಕೇಳಿದೆ. ಎರಡು ಚೂರು ಬೆಲ್ಲ ಇಟ್ಟು, ಅಪ್ಪನಿಗೆ ನನ್ನ ಮೇಲೆ ಯಾಕೆ ಸಿಟ್ಟು ಎಂದು ಕೇಳಿಕೊಂಡೆ. ಬೆಲ್ಲಕ್ಕೆ ಇರುವೆ ಬಂತು, ಉತ್ತರ ಬರಲಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಎಂದು ಕೇಳಿದ್ದೆ. ಇಲ್ಲಿ ದೇವರೂ ಕೊಡಲಿಲ್ಲ.

ಒಂಬತ್ತನೆಯ ವರ್ಷದ ಬೇಸಿಗೆಯಲ್ಲಿ ಮುದಗಲ್ಲಿನ ಸೋದರಮಾವನ ಮನೆಯಿಂದ ಕರೆ ಬಂತು. ಅತ್ತೆಯ ಹೆರಿಗೆ. ಅವ್ವ ಮೂರು ದಿನದ ಮಟ್ಟಿಗೆ ಹೊರಟಳು. ರೊಟ್ಟಿ ಬಡಿದು ಬುಟ್ಟಿಯಲ್ಲಿಟ್ಟಳು, ಶೇಂಗಾ ಹಿಂಡಿ ಕುಟ್ಟಿಟ್ಟಳು. ಅಪ್ಪನ ಎದುರಿಗೆ ನಿಂತು ಬಹಳ ಹೊತ್ತು ಆ ದನಿಯಿಲ್ಲದ ಮಂತ್ರ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಯಾರರ ಗಾಡಿ ತಂದ್ರ, ಅಪ್ಪ ಲಿಂಗಸುಗೂರಿಗೆ ಹೋಗ್ಯಾನ ಅಂತ ಹೇಳು."

"ಅಪ್ಪ ಇಲ್ಲೇ ಅದಾನಲ್ಲಬೇ?"

"ಅದಾನ. ಆದ್ರೂ ಹಂಗ ಹೇಳು."

"ಯಾಕ?"

"ಯಾಕಂದ್ರ ನಾ ಹೇಳಾಕತ್ತೀನಿ, ಅದಕ್ಕ."

ಮೊದಲ ದಿನ ಇಬ್ಬರನ್ನು ಹಾಗೆಯೇ ಸಾಗಹಾಕಿದೆ. ಎರಡನೆಯ ದಿನ ಬೆಳಿಗ್ಗೆ ಬಂದವರು ರಾಯುಡುಗಾರು. ಕಾಲುವೆ ಬಂದ ಮೇಲೆ ಆಂಧ್ರದ ಕಡೆಯಿಂದ ಬಂದು, ಜವಳಗೇರಾದ ಆಚೆ ಕ್ಯಾಂಪು ಕಟ್ಟಿಕೊಂಡು ಭತ್ತ ಬೆಳೆಯುತ್ತಿದ್ದವರು. ಬಾಯಿ ಪೂರ್ತಿ ಮುಚ್ಚುವ ಪೊದೆಮೀಸೆ, ಅದರೊಳಗಿನಿಂದ ಅರ್ಧ ತೆಲುಗು ಅರ್ಧ ಕನ್ನಡ. ಇವರು ಬಂದರೆ ಅಪ್ಪನ ಮುಖ ಯಾಕೆ ಬಾಡುತ್ತದೆ ಎಂಬುದು ನನಗೆ ಆಗ ಒಗಟಾಗಿತ್ತು. ಮೀಸೆಯ ಹಿಂದಿನ ತುಟಿಯನ್ನು ಪಾಪ ಅವನು ಎಲ್ಲಿಂದ ಓದಬೇಕು! ಕಾರನ್ನು ಅವರೇ ಓಡಿಸಿಕೊಂಡು ಬಂದಿದ್ದರು. ಒಳಗೆ ಸೀರೆ, ಹೂವು, ತಟ್ಟೆಗಳ ಜೊತೆ ಹೆಂಗಸರು ಮಕ್ಕಳು ಒತ್ತಿಕೊಂಡು ಕೂತಿದ್ದರು. ಮಸ್ಕಿಯಲ್ಲಿ ಮಗನ ನಿಶ್ಚಿತಾರ್ಥ. ನಾನು ಬಾಗಿಲಲ್ಲಿ ನಿಂತು ಪಾಠ ಒಪ್ಪಿಸಿದೆ.

"ಅಪ್ಪ ಲಿಂಗಸುಗೂರಿಗೆ ಹೋಗ್ಯಾನ್ರಿ."

ಅದೇ ಗಳಿಗೆಗೆ ಬೇವಿನ ಕೆಳಗೆ ಗುಂಡಿಯ ಹಲಗೆ ಸರಿಯಿತು. ಕಾರು ಬಂದದ್ದಾಗಲಿ, ನನ್ನ ಸುಳ್ಳಾಗಲಿ ಒಂದೂ ಕೇಳಿಸದ ಅಪ್ಪ, ಪಾನಾ ಹಿಡಿದುಕೊಂಡು ಗುಂಡಿಯಿಂದ ಮೇಲೆ ಬಂದ.

"ಏಮಯ್ಯಾ ಮಿಸ್ತ್ರೀ," ಎಂದು ರಾಯುಡುಗಾರು ನಕ್ಕರು, "ಲಿಂಗಸುಗೂರು ಇಂತ ದಗ್ಗರಾ?" ಲಿಂಗಸುಗೂರು ಇಷ್ಟು ಹತ್ತಿರವೇ ಎಂದು. ಕಾರಿನೊಳಗಿನ ಹೆಂಗಸರೂ ನಕ್ಕರು. ಭೂಮಿ ಬಾಯಿಬಿಟ್ಟರೆ ಒಳಗೆ ಹೋಗುತ್ತಿದ್ದೆ, ಆದರೆ ಬಾಯಿಬಿಟ್ಟ ಗುಂಡಿಯಿಂದ ಅಪ್ಪನೇ ಹೊರಗೆ ಬಂದಿದ್ದ.

ಬ್ರೇಕು ತುಳಿದರೆ ಅರಚುತ್ತದೆ, ಹೀಗೇ ಹೋಗಬಹುದೋ ಬೇಡವೋ. ರಾಯುಡುಗಾರರ ಪ್ರಶ್ನೆ ಅಷ್ಟೇ. ಮೀಸೆ ಅಲ್ಲಾಡಿತು. ಅಪ್ಪನಿಗೆ ಏನೂ ತಿಳಿಯಲಿಲ್ಲ ಎಂದು ಈಗ ಹೇಳಬಲ್ಲೆ. ಆಗ ನನಗೆ ಕಂಡದ್ದು, ಎದುರಿಗೆ ನಿಂತು ಕೇಳಿದರೂ ಸುಮ್ಮನೆ ನಿಂತ ಅಪ್ಪ. ಕೊನೆಗೆ ರಾಯುಡುಗಾರು ಕಾಲೆತ್ತಿ ತುಳಿದು ತೋರಿಸಿದರು. ಅಪ್ಪ ಓಡಿಸಿರಿ ಎಂದು ಕೈ ಮಾಡಿದ. ಹೆಂಗಸರನ್ನು ಇಳಿಸದೆಯೇ ಅವರು ಅಂಗಳದಲ್ಲಿ ಎರಡು ಸಲ ಓಡಿಸಿ ನಿಲ್ಲಿಸಿದರು. ನಾನು ಅವಮಾನಕ್ಕೆ ಅಡುಗೆಮನೆಗೆ ಓಡಿಹೋಗಿದ್ದೆ. ಸಪ್ಪಳ ಕಿಂಡಿಯಿಂದ ಬಂತು. ಹಿಂದೆಯೇ ಅಪ್ಪ ಬಂದ, ದಿನವೂ ಬರುವಂತೆ.

ಅವ್ವ ನಿಲ್ಲುವ ಜಾಗದಲ್ಲಿ ಯಾರೂ ಇರಲಿಲ್ಲ. ಅಪ್ಪ ಗೂಡಿನ ಮುಂದೆ ನಿಂತ. ಹರವಿಯ ನೀರು ತೆಗೆದುಕೊಳ್ಳಲಿಲ್ಲ. ಖಾಲಿ ಬೀಸುಕಲ್ಲನ್ನು ನೋಡಿದ, ಮೂಲೆಯಲ್ಲಿ ಮುದುಡಿ ಕೂತಿದ್ದ ನನ್ನನ್ನು ನೋಡಿದ. ಅವನ ಮುಖದಲ್ಲಿ ಅಂಥ ಅಂಜಿಕೆಯನ್ನು ನಾನು ಎಂದೂ ಕಂಡಿರಲಿಲ್ಲ. ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ.

"ನನಗ ಕೇಳಸಂಗಿಲ್ಲವ್ವಾ."

"ಏನು ಕೇಳಸಂಗಿಲ್ಲ?"

"ಏನೂ ಕೇಳಸಂಗಿಲ್ಲ. ಕಾಲುವಿ ಕೆಲಸದಾಗ ಕಿವಿ ಹೋಗ್ಯಾವ. ನಿಮ್ಮವ್ವ ಕೇಳಿ ಹೇಳ್ತಾಳ. ಈಗ ನೀ ಹೇಳು. ಗಾಡಿ ನಿಲ್ಲೋ ಮುಂದ ಸಪ್ಪಳ ಹೆಂಗ ಬಂತು?"

ಅಪ್ಪ ಕಿವುಡ ಎಂದು ತಿಳಿದಾಗ ಒಬ್ಬ ಮಗಳಿಗೆ ದುಃಖವಾಗಬೇಕು. ನನಗೆ ಆದದ್ದು ಸಂತೋಷ. ನಾಚಿಕೆಯಿಲ್ಲದೆ ಹೇಳುತ್ತೇನೆ, ಎದ್ದು ಕುಣಿಯಬೇಕು ಅನ್ನಿಸುವಷ್ಟು ಸಂತೋಷ. ಅವನಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ! ಕೆಂಪು ರಿಬ್ಬನ್, ಸೋಮವಾರ, ಗಂಡಾಗಿ ಹುಟ್ಟದ ತಪ್ಪು, ಯಾವುದೂ ಅಲ್ಲ. ಕೇಳಿಸಿರಲಿಲ್ಲ, ಅಷ್ಟೇ. ಹೊರಗೆ ರಾಯುಡುಗಾರು ಹಾರ್ನ್ ಒತ್ತಿದರು. ನಾನು ಬೆಚ್ಚಿದೆ, ಅಪ್ಪ ಕಣ್ಣೂ ಪಿಳುಕಿಸಲಿಲ್ಲ.

"ಧೂಳಿ ಹೊಕ್ಕಿದ್ರ ಬರೇ ಚೀರತೈತಿ, ಅದಕ್ಕ ಅಂಜಿಕಿಲ್ಲ," ಅಂದ ಅಪ್ಪ. "ಪಟ್ಟಿ ಸವದಿದ್ರ ಕಬ್ಬಿಣಕ್ಕ ಕಬ್ಬಿಣ ತಿಕ್ಕತೈತಿ. ಹಂಗ ಕಳಿಸಿದ್ರ ಗಾಡಿ ಕಾಲುವ್ಯಾಗ. ಯಾವುದು, ಹೇಳವ್ವಾ."

ಬ್ರೇಕಿನ ಚಕ್ರದೊಳಗೆ ಒತ್ತಿ ಹಿಡಿಯುವ ಪಟ್ಟಿಯ ಮಾತು ಅದು ಎಂದು ನನಗೆ ಆಗ ಗೊತ್ತಿರಲಿಲ್ಲ. ಚೀರಿದ್ದೂ ಹೌದು ಅನ್ನಿಸಿತು, ತಿಕ್ಕಿದ್ದೂ ಹೌದು ಅನ್ನಿಸಿತು. ಕೇಳಿದ ಸಪ್ಪಳವನ್ನು ಬಾಯಲ್ಲಿ ಹೇಗೆ ಹೇಳುವುದು? ಅಪ್ಪನ ಕಣ್ಣು ನನ್ನ ತುಟಿಯ ಮೇಲೆ ನೆಟ್ಟಿತ್ತು. ನಾನು ಬೀಸುಕಲ್ಲಿನ ಹತ್ತಿರ ಹೋದೆ. ಕಾಳಿಲ್ಲದೆ ಅದನ್ನು ತಿರುಗಿಸಿ ಆಡಿದ್ದಕ್ಕೆ ಅವ್ವನಿಂದ ಎಷ್ಟೋ ಸಲ ಏಟು ತಿಂದಿದ್ದೆ. ಎರಡೂ ಕೈಯಲ್ಲಿ ಗೂಟ ಹಿಡಿದು ಖಾಲಿ ಕಲ್ಲನ್ನು ಗರ್ರನೆ ತಿರುಗಿಸಿದೆ. ಅಪ್ಪ ಅದರ ಮೇಲೆ ಅಂಗೈ ಇಟ್ಟ. ಮತ್ತೆ ತಿರುಗಿಸು ಎಂದು ಸನ್ನೆ ಮಾಡಿದ. ಮತ್ತೆ ತಿರುಗಿಸಿದೆ.

"ಹಿಂಗನಾ?"

ತಲೆಯಾಡಿಸಿದೆ. ನಿಜ ಹೇಳಬೇಕೆಂದರೆ ಅದು ಹಾಗೆಯೇ ಇತ್ತೋ, ಅಥವಾ ನನಗೆ ಮಾಡಲು ಬರುತ್ತಿದ್ದದ್ದು ಅದೊಂದೇ ಸಪ್ಪಳವೋ, ಇಂದಿಗೂ ನನಗೆ ಖಾತ್ರಿಯಿಲ್ಲ.

ಅಪ್ಪ ಹೊರಗೆ ಹೋಗಿ, ಗಾಡಿ ಹೋಗಕೂಡದು, ಗಾಲಿ ಬಿಚ್ಚಬೇಕು ಎಂದ. ಮುಹೂರ್ತ ತಪ್ಪುತ್ತದೆ ಎಂದು ರಾಯುಡುಗಾರು ಕೂಗಾಡಿದರು. ಅಪ್ಪ ಕೇಳದವನಂತೆ ನಿಂತ. ಕೇಳದವನೇ ತಾನೆ. ಕೊನೆಗೆ ಅವರ ಹೆಂಡತಿ ಗೂಡಿನ ಕಡೆ ನೋಡಿ ಕೈಮುಗಿದು, ಅಮ್ಮನವರು ಬೇಡ ಎಂದರೆ ಬೇಡ ಎಂದು ಮಕ್ಕಳನ್ನು ಇಳಿಸಿಕೊಂಡು ಬೇವಿನ ಕೆಳಗೆ ಕೂತರು. ನಾನು ಎಲ್ಲರಿಗೂ ನೀರು ಕೊಟ್ಟೆ. ಅಪ್ಪ ಜಾಕು ಕೊಟ್ಟು ಮುಂದಿನ ಗಾಲಿ ಬಿಚ್ಚಿದ. ಪಟ್ಟಿ ಚೆನ್ನಾಗಿಯೇ ಇತ್ತು. ಇನ್ನೊಂದು ಬಿಚ್ಚಿದ. ಅದೂ ಚೆನ್ನಾಗಿತ್ತು. ರಾಯುಡುಗಾರು ಮೀಸೆಯೊಳಗೆ ಏನೋ ಅಂದರು, ಹೆಂಗಸರು ಮುಖ ಮುಖ ನೋಡಿಕೊಂಡರು. ನಮ್ಮ ಮನೆ ಮುಳುಗಿತು, ಮುಳುಗಿಸಿದವಳು ನಾನು ಎಂದುಕೊಂಡೆ. ಅಪ್ಪ ತಲೆ ಎತ್ತಿ ಒಮ್ಮೆ ಬಾಗಿಲ ಕಡೆ ನನ್ನನ್ನು ನೋಡಿದ. ಆ ನೋಟದಲ್ಲಿ ಸಿಟ್ಟನ್ನು ಹುಡುಕಿದೆ, ಸಿಗಲಿಲ್ಲ. ಹಿಂದೆ ಎಡಗಡೆಯ ಗಾಲಿಗೆ ಜಾಕು ಕೊಟ್ಟ.

ಪಟ್ಟಿ ಪೂರ್ತಿ ಹೋಗಿತ್ತು. ಅದನ್ನು ಹಿಡಿದಿದ್ದ ಮೊಳೆಗಳು ಚಕ್ರದ ಒಳಮೈಯನ್ನು ಕೊರೆದು ಬೆಳ್ಳಗೆ ಗೀರು ಹಾಕಿದ್ದವು. ಅಪ್ಪ ರಾಯುಡುಗಾರರ ಬೆರಳು ಹಿಡಿದು ಆ ಗೀರಿನ ಮೇಲೆ ಆಡಿಸಿದ. ಅವರು ಒಮ್ಮೆ ಚಕ್ರ ನೋಡಿದರು, ಒಮ್ಮೆ ಗಿಡದ ಕೆಳಗೆ ಕೂತ ಮಕ್ಕಳನ್ನು ನೋಡಿದರು. ಹೊಸ ಪಟ್ಟಿ ಕೂಡಿಸುವಷ್ಟರಲ್ಲಿ ಮಧ್ಯಾಹ್ನ ಇಳಿಯಿತು. ಮುಹೂರ್ತ ತಪ್ಪಿತು, ಸಂಜೆಯದು ಇಟ್ಟುಕೊಂಡರಂತೆ. ಹೊರಡುವ ಮುಂಚೆ ಅವರು ಗೂಡಿನ ಮುಂದೆ ಕಾಯಿ ಒಡೆದರು.

"ನಿಮ್ಮ ಅಮ್ಮವಾರು ನಿಜಂ ಮಿಸ್ತ್ರೀ," ಎಂದು ಹುಲಿಗೆಮ್ಮನಿಗೆ ಕೈಮುಗಿದು, ಒಂದು ಹೋಳನ್ನು ನನ್ನ ಕೈಗೇ ಇಟ್ಟರು.

ಅವರು ಹೋದ ಮೇಲೆ ಅಪ್ಪ ಬೇವಿನ ಕೆಳಗೆ ಕೂತು ಸೀಮೆಎಣ್ಣೆಯಲ್ಲಿ ಕೈ ತೊಳೆಯತೊಡಗಿದ. ನನ್ನ ಕಡೆಗೆ ಬೆನ್ನು. ನಾನು ಹಿಂದೆ ನಿಂತು "ಅಪ್ಪಾ" ಎಂದೆ. ತಿರುಗಲಿಲ್ಲ. ಇನ್ನೊಮ್ಮೆ ಅಂದೆ, ಸುಮ್ಮನೆ, ತಿರುಗುವುದಿಲ್ಲ ಎಂದು ಗೊತ್ತಿದ್ದೇ. ಆ ಬೆನ್ನಿನ ಮೇಲೆ ನಾನು ಎಷ್ಟು ವರ್ಷ ಸಿಟ್ಟು ಮಾಡಿಕೊಂಡಿದ್ದೆ! ಗುಂಡಿಯನ್ನು ಬಳಸಿಕೊಂಡು ಹೋಗಿ ಅವನ ಎದುರಿಗೆ ನಿಂತೆ. ತೆಂಗಿನ ಹೋಳು ಇನ್ನೂ ಕೈಯಲ್ಲೇ ಇತ್ತು.

"ಅಪ್ಪಾ."

"ಏನವ್ವಾ?"

ಕೇಳುವುದು ಏನೂ ಉಳಿದಿರಲಿಲ್ಲ.

"ಏನಿಲ್ಲಪ್ಪಾ," ಅಂದೆ.